ಕೌದಿಯ ಕೆಳಗಿನ ವಾಟಿ

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಇಪ್ಪತ್ತರ ಹರೆಯದಲ್ಲಿ ನನಗೆ ಬರುತ್ತಿದ್ದ ವಿದ್ಯೆ ಒಂದೇ: ಇನ್ನೊಬ್ಬರ ದನಿ ತೆಗೆಯುವುದು. ನನ್ನ ಸ್ವಂತ ದನಿ ಹರಿದ ಡೋಲಿನಂತಿತ್ತು, ಅದಕ್ಕೇ ಇರಬೇಕು.

ಓಝರ್ ಎಂಬ ಊರಿನ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಮನೆಗೆ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಹೆಚ್ಚಲೆಂದು ಅವ್ವ ಅಳವಿ ಉಂಡಿ, ಸಬ್ಬಸಗಿ ಪಲ್ಯ ಎಲ್ಲ ತಿನ್ನಿಸಿದರೂ ಹಾಲು ಕಡಿಮೆಯೇ. ಮೊದಲು ಎದೆಹಾಲು, ಸಾಲದಿದ್ದರೆ ಮೇಲೆ ಡಬ್ಬಿಯ ಪುಡಿಹಾಲು ಎಂದರು ಡಾಕ್ಟರು. ಕುದಿಸಿದ ನೀರಿಗೆ ಪುಡಿ ಅಳೆದು ಕಲಸುವುದು ನನ್ನ ಕೆಲಸ. ಪುಟ್ಟ ಸ್ಟೀಲ್ ವಾಟಿ ಹಿಡಿದು ಚಮಚದಿಂದ ಕುಡಿಸುವುದು ಅಕ್ಕನದು. ವಾರವಾದರೂ ಕೂಸಿನ ತೂಕ ಏರಲಿಲ್ಲ.

ಪಕ್ಕದ ಮನೆಯ ಕಾಕು ವಿಜಾಪುರದ ಕಡೆಯವರು. ದಿನಾ ಒಳಗೆ ಬಂದು ಕೂರುವ ಮೊದಲು ಬಾಗಿಲಲ್ಲೇ ಕೇಳುತ್ತಿದ್ದರು: “ಏನವಾ, ಹಾಲ ಸಾಲತಾವೋ ಇಲ್ಲೋ ಕೂಸಿಗೆ?”

ಒಂದು ಮಧ್ಯಾಹ್ನ ಹೊರಗೆ ನಿಂತು ಅದೇ ದನಿಯಲ್ಲಿ ಅದೇ ಪ್ರಶ್ನೆ ಕೇಳಿದೆ, ಕಾಕುವಿನ ಕೆಮ್ಮಿನ ಸಮೇತ. ನಗುತ್ತ ಒಳಗೆ ಹೋದರೆ ಕೂಸು ಕಿರುಚುತ್ತಿದೆ, ವಾಟಿ ಕಾಣಿಸುತ್ತಿಲ್ಲ. ಕಾಕು ಬಂದರೆಂದು ಅಕ್ಕ ಅದನ್ನು ಹೊದೆಯುವ ಕೌದಿಯ ಕೆಳಗೆ ತುರುಕಿದ್ದಳು. ಹಾಲೆಲ್ಲ ಕೌದಿಯೇ ಕುಡಿದಿತ್ತು.

“ದಿನಾ ಹಿಂಗ ಮುಚ್ಚಿಡ್ತೀಯೇನ?”

“ಕಾಕು ಹೋಗೂತನಾ ಅಷ್ಟ.”

“ಅವರು ತಾಸಗಟ್ಟಲೆ ಕೂಡತಾರಲ್ಲ! ಅಲ್ಲೀತನಾ ಕೂಸು ಉಪವಾಸ?”

ಅಕ್ಕ ಅತ್ತುಬಿಟ್ಟಳು. “ಹಡದಾಕಿಗೆ ಕೂಸಿನ ಹೊಟ್ಟಿ ತುಂಬಸಾಕ ಆಗವಲ್ದು ಅಂತ ಕಾಲೊನಿಗೆಲ್ಲಾ ಗೊತ್ತಾಗಬೇಕೇನ? ನೀನೂ ಅದನ್ನ ಆಡಿ ತೋರಸ್ತೀ.”

ಕೌದಿಯನ್ನು ಒಗೆಯಲು ಹಾಕಿದೆ, ವಾಟಿ ತೊಳೆದು ಮತ್ತೆ ಕಲಸಿ ತಂದೆ. ಕೂಸು ಚಮಚ ಚಮಚಕ್ಕೂ ಈ ಮಾವನನ್ನು ಗುರಾಯಿಸುತ್ತ ಕುಡಿಯಿತು. ಮುಗಿದ ಮೇಲೆ ಅಕ್ಕನ ಎದೆಗೇ ಮೂಗು ಒತ್ತಿ ನಿದ್ದೆ ಹೋಯಿತು. ಅಕ್ಕ ಅದರ ತುಟಿಯಂಚಿನ ಹಾಲನ್ನು ಸೆರಗಿನಿಂದ ಒರೆಸಿದಳು.

ಮರುದಿನ ಎದೆಹಾಲು ಕುಡಿಸಿ ಅವಳು ವಾಟಿ ಎತ್ತಿಕೊಂಡಳು, ಅಷ್ಟರಲ್ಲಿ ಬಾಗಿಲಲ್ಲಿ ಅದೇ ಪ್ರಶ್ನೆ, ಅದೇ ಕೆಮ್ಮು. ನಾನು ಬಾಯಿ ಮುಚ್ಚಿಕೊಂಡು ಅವಳೆದುರೇ ಕೂತಿದ್ದೆ. ಈ ಸಲ ಅಸಲು ಕಾಕು. ಅಕ್ಕನ ಕೈ ಕೌದಿಯತ್ತ ಹೊರಟಿತು. ಕೂಸು ಚಮಚಕ್ಕೆಂದು ತುಟಿ ಚಾಚಿತು. ಕೈ ಅಲ್ಲೇ ನಿಂತಿತು.

ಕಾಕು ಇಣುಕಿದರು. “ಅಯ್ಯ, ಡಬ್ಬಿ ಹಾಲೇನವಾ?”

“ಹೌದ್ರೀ ಕಾಕು,” ಅಂದಳು ಅಕ್ಕ. “ಮೊದಲನೇ ಪಂಕ್ತಿ ನಂದು, ಎರಡನೇದು ಡಬ್ಬೀದು. ಉಣ್ಣೋರು ಸುಮ್ಮನ ಉಣ್ಣಾಕತ್ಯಾರ, ನೀವ್ಯಾಕ ಬಾಗಲದಾಗ ನಿಂತು ಎಲಿ ಎಣಸ್ತೀರಿ?”