ಹೊಸ್ತಿಲ ಒಳಗೆ ಹೂತದ್ದು

ನನ್ನ ತಂಗಿ ಸತ್ತದ್ದು ನನ್ನ ಸುಳ್ಳಿನಿಂದ. ಹಾಗಲ್ಲ ಎನ್ನುವವರಿದ್ದಾರೆ. ಅವರು ಅಲ್ಲಿರಲಿಲ್ಲ.

ಇಸವಿ ಗೊತ್ತಿಲ್ಲ, ಎಮರ್ಜೆನ್ಸಿ ಮುಗಿದಿತ್ತು. ನಮ್ಮಿಬ್ಬರನ್ನೂ ಬೇವೂರಿನ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ತಂಗಿಗೆ ಮೂರು ತಿಂಗಳಾಗಿತ್ತು, ಹೊಟ್ಟೆ ಮಾತ್ರ ಐದರಷ್ಟು. "ಅವಳಿಜವಳಿ ಅದಾವ, ತೊಟ್ಟಿಲಾ ಎರಡು ಬೇಕು" ಎಂದು ಅತ್ತೆ ನಗುತ್ತಿದ್ದಳು. ಒಂದು ಮುಂಜಾನೆ ಎಲ್ಲ ಬಿದ್ದುಹೋಯಿತು. ರಕ್ತದಲ್ಲಿ ನೆನೆದ ಸಾಬೂದಾನಿಯಂಥ ಕಾಳುಗಳು. ಕೂಸಿನ ಆಕಾರವೇ ಇಲ್ಲ.

ನಮ್ಮ ಮನೆಯಲ್ಲಿ ಬಿದ್ದ ಬಸಿರನ್ನು ಹೊಸ್ತಿಲ ಒಳಗೆ ಹೂಳುತ್ತಿದ್ದರು. ಅಲ್ಲಿದ್ದರೆ ಕೂಸು ಅದೇ ಹೊಟ್ಟೆಗೆ ತಿರುಗಿ ಬರುತ್ತದೆ, ಅಗೆದು ತೆಗೆದರೆ ಬರುವುದಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ಹೂತವಳು ನಾನೇ.

ರಕ್ತ ನಿಲ್ಲಲಿಲ್ಲ. ಬಸ್ಸಿನಲ್ಲಿ ಕೊಪ್ಪಳದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

"ಬಿದ್ದದ್ದು ಎಲ್ಲೈತಿ? ನಾ ನೋಡಬೇಕು" ಎಂದರು ಡಾಕ್ಟರಮ್ಮ.

"ನಾಯಿ ಎಳಕೊಂಡು ಹೋತ್ರಿ."

"ಕಾಳು ಕಾಳು ಇತ್ತೇನು?"

"ನಾ ನೋಡಿಲ್ರಿ."

ಸೂಜಿ ಚುಚ್ಚಿ, ಗುಳಿಗೆ ಕೊಟ್ಟು ಕಳಿಸಿದರು. ಹೊರಗೆ ಬಂದ ಮೇಲೆ ತಂಗಿ ಕೇಳಿದಳು:

"ಅಕ್ಕಾ, ಯಾವ ನಾಯಿ? ನಮ್ಮ ಮನ್ಯಾಗ ನಾಯೀನ ಇಲ್ಲಲ್ಲ."

"ಬಾಯಿ ಮುಚ್ಚು. ನಿನಗ ಕೂಸು ಬೇಕೋ ಬ್ಯಾಡೋ?"

"ಬೇಕು."



ನಾಲ್ಕು ತಿಂಗಳು ಆಗಾಗ ರಕ್ತ ಹೋಗುತ್ತಲೇ ಇತ್ತು. ಆಮೇಲೆ ಕೆಮ್ಮಿದರೂ ರಕ್ತ ಬಂತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಗರ್ಭಚೀಲ ಕೆರೆದು, ಬಂದ ಚೂರನ್ನು ಪರೀಕ್ಷೆಗೆ ಕಳಿಸಿದರು.

ಅಲ್ಲಿಯ ಡಾಕ್ಟರು ನನ್ನನ್ನು ಕರೆದು ಹೇಳಿದರು: "ಬಸಿರಿನ ಮಾಸಿನಾಗ ಹುಟ್ಟೋ ಕ್ಯಾನ್ಸರ್ ಇದು. ಭಾಳ ಅಪರೂಪ. ಈಗ ಎದಿಗೆ ಏರೈತಿ. ಮೊದಲ ಬಿದ್ದದ್ದನ್ನ ಯಾರರ ನೋಡಿದ್ರ ಆವಾಗ್ಲೇ ಗೊತ್ತಾಗತಿತ್ತು. ಇದಕ್ಕ ಔಷಧ ಐತವ್ವಾ."

ಔಷಧ ಹಾಕಿದರು. ಹನ್ನೊಂದನೆಯ ದಿನ ತಂಗಿ ಹೋದಳು.

ಮಣ್ಣು ಮಾಡಿ ಬಂದವಳೇ ಹಾರೆ ಹಿಡಿದು ಹೊಸ್ತಿಲ ಬಳಿ ಅಗೆದೆ. ಯಾರಿಗೆ ತೋರಿಸಲು ಅಗೆದೆನೋ ತಿಳಿಯದು. ಸೀರೆಯ ತುಂಡು ಸಿಕ್ಕಿತು, ಒಳಗೆ ಬರೀ ಮಣ್ಣು. ಅತ್ತೆ ಬಂದು ನಿಂತಳು.

"ಮುಚ್ಚು ಅದನ್ನ. ನಾಳೆ ಮತ್ತೊಬ್ಬಾಕಿ ಬರತಾಳ. ಆಕಿ ಹೊಟ್ಯಾಗರ ಹುಟ್ಟಲಿ."

ನಾನು ಮುಚ್ಚಲಿಲ್ಲ. ಎರಡು ಸಲ ಅತ್ತೆ ಮುಚ್ಚಿದಳು, ಎರಡು ಸಲ ನಾನು ತೆಗೆದೆ. ಮೈದುನನ ಹೊಸ ಹೆಂಡತಿ ಆ ಕುಣಿ ದಾಟಿಯೇ ಒಳಗೆ ಬಂದಳು.