ರೈಟರ್ ಗುರುವಪ್ಪನವರ ಎರಡನೇ ಪ್ರತಿ

ನಾಪೋಕ್ಲು ಬಸ್ ನಿಲ್ದಾಣದ ಎದುರು ನನ್ನ ಜೆರಾಕ್ಸ್ ಅಂಗಡಿ. ಆಧಾರ್ ತಿದ್ದುಪಡಿ, ಪಹಣಿ, ಅರ್ಜಿ ತುಂಬುವುದು ಎಲ್ಲ ಇಲ್ಲೇ. ಯಾವ ಕಾಗದ ತಂದರೂ ಎರಡೇ ಪ್ರತಿ ಮಾಡಿಸುವ ಗಿರಾಕಿ ಒಬ್ಬರಿದ್ದಾರೆ. ಅವರು ನನ್ನ ದೊಡ್ಡಪ್ಪ ಗುರುವಪ್ಪ. ಕರೆಂಟ್ ಬಿಲ್ಲಿಗೂ ಎರಡು, ಯಾರದೋ ಮನೆಯ ಗೃಹಪ್ರವೇಶದ ಕಾರ್ಡಿಗೂ ಎರಡು. ‘ಕಾರ್ಡಿಗೆ ಯಾಕೆ ದೊಡ್ಡಪ್ಪ?’ ಅಂದರೆ, ‘ಒಂದು ಕಳ್ದ್‌ಹೋದ್ರೆ ಎಂತ ಮಾಡುದು?’ ಅನ್ನುತ್ತಾರೆ. ಊಟ ಮುಗಿದ ಮೇಲೆ ಕಾರ್ಡು ಕಳೆದರೆ ಯಾರಿಗೇನು ನಷ್ಟ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಅವರು ಮೂವತ್ತನಾಲ್ಕು ವರ್ಷ ಹೊಸಮಲೆ ಎಸ್ಟೇಟಿನ ರೈಟರ್ ಆಗಿದ್ದರು. ಬೆಳಿಗ್ಗೆ ಕೆಲಸಕ್ಕೆ ಬಂದವರ ಹೆಸರನ್ನು ಮಸ್ಟರಿನಲ್ಲಿ ಬರೆಯುವುದು, ಕೂಲಿಯವರು ಇರುವ ಲೈನ್‌ಮನೆಗಳ ಬೇಕುಬೇಡ ನೋಡುವುದು, ಡಿಸ್ಪೆನ್ಸರಿಯ ಪುಸ್ತಕ ಇಡುವುದು ಅವರ ಕೆಲಸ. ಮಸ್ಟರಿಗೆ ಕಾರ್ಬನ್ ಹಾಳೆ ಇಟ್ಟೇ ಬರೆಯಬೇಕು. ಒಂದು ಪ್ರತಿ ರೈಟರ ಪೆಟ್ಟಿಗೆಗೆ, ಇನ್ನೊಂದು ಬಂಗಲೆಗೆ. ಆ ಅಭ್ಯಾಸ ಅವರ ಮೈಗೆ ಹತ್ತಿಬಿಟ್ಟಿತ್ತು.

ತೊಂಬತ್ತೊಂದನೇ ಇಸವಿಯಲ್ಲಿ ಎಸ್ಟೇಟಿನ ಸಾವ್ಕಾರರು ಮೈಸೂರಿನಿಂದ ಕಂಪ್ಯೂಟರ್ ತಂದರು. ಹಸಿರು ಅಕ್ಷರದ ಪರದೆ, ಅಂಗೈಗಿಂತ ಅಗಲದ ಫ್ಲಾಪಿ. ಸಾವ್ಕಾರರಿಗೆ ವಾರದಲ್ಲೇ ಬೇಜಾರಾಯಿತು. ಎಸ್ಸೆಸ್ಸೆಲ್ಸಿ ಓದಿದ ದೊಡ್ಡಪ್ಪ ಮಾತ್ರ ಜೊತೆಗೆ ಬಂದಿದ್ದ ದಪ್ಪ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ಮಳೆಗಾಲ ಓದಿದರು. ಫ್ಲಾಪಿಯ ಲೆಕ್ಕವನ್ನೆಲ್ಲ ಹಳೆಯ ಮಸ್ಟರಿನ ಕೊನೆಯ ಹಾಳೆಗೆ ಇಳಿಸಿಕೊಂಡರು. ತುಂಡಿಗೆ ಐನೂರ ಹನ್ನೆರಡು ಅಕ್ಷರ. ಸುತ್ತಿಗೆ ಒಂಬತ್ತು ತುಂಡು. ಮೈಗೆ ನಲವತ್ತು ಸುತ್ತು. ಮೈ ಎರಡು. ಒಟ್ಟು ಏಳುನೂರ ಇಪ್ಪತ್ತು ತುಂಡು.

ಮದುವೆಮನೆಯಲ್ಲಿ ಸಿಕ್ಕ ಮಕ್ಕಳನ್ನೆಲ್ಲ ಕೂರಿಸಿಕೊಂಡು ಇದನ್ನೇ ಹೇಳುತ್ತಿದ್ದರು. ಸೊನ್ನೆಯ ತುಂಡು ಎಂದರೆ ಎಸ್ಟೇಟಿನ ಗೇಟಿನ ಬೋರ್ಡು. ಒಳಗೆ ಏನು ಎಷ್ಟಿದೆ ಎಂದು ಅದು ಹೇಳುತ್ತದೆ. ಆಮೇಲೆ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಬೇಕೆಂಬ ದಾರಿಪಟ್ಟಿ. ಆಮೇಲೆ ನೂರ ಹನ್ನೆರಡು ಹೆಸರಿಗೆ ಜಾಗ. ಹನ್ನೆರಡನೇ ತುಂಡಿನಿಂದ ಲೈನ್‌ಮನೆ ಶುರು, ಜನ ಇರುವುದು ಅಲ್ಲಿ. ನಾವು ಕಡುಬಿನ ವಾಸನೆ ಹಿಡಿದು ಓಡುತ್ತಿದ್ದೆವು. ಅವರು ಸಿಟ್ಟಾಗದೆ ಮುಂದಿನ ಮಗುವನ್ನು ಹಿಡಿಯುತ್ತಿದ್ದರು.

ಈ ಜನವರಿಯಲ್ಲಿ, ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿದ್ದಾಗ, ಮಾರಿ ಮತ್ತು ಅವಳ ಮಗಳು ಪವಿತ್ರಾ ನನ್ನ ಅಂಗಡಿಗೆ ಬಂದರು. ಮಾರಿ ಹೊಸಮಲೆಯ ಮೂರನೇ ಲೈನಿನಲ್ಲಿ ಬಾಳಿದವಳು. ಪವಿತ್ರಾ ದುಬಾರೆಯ ಸಾಕಾನೆ ಶಿಬಿರದಲ್ಲಿ ಆನೆಗಳಿಗೆ ರಾಗಿಮುದ್ದೆ ಬೇಯಿಸುವ ಕೆಲಸವನ್ನು ಒಂಬತ್ತು ವರ್ಷದಿಂದ ದಿನಗೂಲಿಗೆ ಮಾಡುತ್ತಿದ್ದಾಳೆ. ಈಗ ಕೆಲಸ ಕಾಯಂ ಆಗುವ ಹೊತ್ತಿಗೆ ಕಡತ ವಾಪಸ್ ಬಂದಿತ್ತು. ಆಧಾರಿನಲ್ಲಿ ಹುಟ್ಟಿದ್ದು 1990ರ ಜನವರಿ ಒಂದು, ಶಾಲೆಯ ದಾಖಲೆಯಲ್ಲಿ 1992ರ ಜೂನ್ ಒಂದು. ಹುಟ್ಟಿದಾಗಲೇ ಬರೆದ ದಾಖಲೆ ಯಾವುದಾದರೂ ಹದಿನೈದು ದಿನದಲ್ಲಿ ತರದಿದ್ದರೆ ಪಟ್ಟಿಯಲ್ಲಿ ಅವಳ ಮುಂದಿನವಳಿಗೆ ಕೆಲಸ.

‘ಹುಟ್ಟಿದ್ದು ಯಾವಾಗ?’ ಎಂದು ಮಾರಿಯನ್ನು ಕೇಳಿದೆ.

‘ಕೈಲ್ ಮುಹೂರ್ತ ಹಬ್ಬ ಕಳ್ದು ಹನ್ನೊಂದನೇ ದಿನ. ಒಂಟಿ ಸಲಗ ನಮ್ಮ ಲೈನಿನ ನೀರಿನ ಟ್ಯಾಂಕ್ ಒಡ್ದ ವರ್ಷ.’

ಅರ್ಜಿಯಲ್ಲಿ ಸಲಗಕ್ಕೆ ಜಾಗವಿಲ್ಲ. ನಾನು ಏನೂ ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಎಂದಿನಂತೆ ಎರಡು ಪ್ರತಿ ಮಾಡಿಸಲು ಬಂದ ದೊಡ್ಡಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

‘ಡಿಸ್ಪೆನ್ಸರಿ ಪುಸ್ತಕದಲ್ಲಿ ಇತ್ತು’ ಎಂದರು. ‘ಲೈನಿನ ಮಕ್ಕಳದ್ದೆಲ್ಲ ನಾನೇ ಬರೆದಿದ್ದೆ. ಸರ್ಕಾರಿ ಆಸ್ಪತ್ರೆ ಸಿಸ್ಟರ್ ಬಂದು ಲಸಿಕೆ ಹಾಕಿ ತಮ್ಮ ರಿಜಿಸ್ಟರಿನಲ್ಲಿ ಬರೆದ ಪುಟದ ನಂಬರ್ ಸಮೇತ.’

‘ಪುಸ್ತಕ ಎಲ್ಲಿ?’

ಅದನ್ನು ಸುಟ್ಟಾಗಿತ್ತು. ಎಸ್ಟೇಟ್ ಕೈಬದಲಾದಾಗ ಹೊಸ ಮ್ಯಾನೇಜರ್ ಹಳೆಯ ಪುಸ್ತಕಗಳನ್ನು ಏನು ಮಾಡಲಿ ಎಂದು ಕೇಳಿದ್ದ. ‘ಎಲ್ಲ ಕಂಪ್ಯೂಟರಿನಲ್ಲಿದೆ, ಸುಡಿ’ ಎಂದವರು ದೊಡ್ಡಪ್ಪನೇ. ಜೀವನವಿಡೀ ಎರಡು ಪ್ರತಿ ಇಟ್ಟ ಮನುಷ್ಯ ಕಂಪ್ಯೂಟರನ್ನು ನಂಬಿ ಅದೊಂದನ್ನು ಒಂದೇ ಫ್ಲಾಪಿಯಲ್ಲಿ ಬಿಟ್ಟಿದ್ದರು. ಆ ಫ್ಲಾಪಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದೆಂದು, ನಮ್ಮಲ್ಲಿ ಬಿತ್ತನೆ ಬೀಜ, ಹಂದಿಮಾಂಸ ಎಲ್ಲವನ್ನೂ ಇಡುವ ಜಾಗದಲ್ಲೇ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಇಪ್ಪತ್ತು ವರ್ಷದ ಹೊಗೆ ಕುಡಿದ ಫ್ಲಾಪಿ ಅದು. ನಗು ಬರುವ ವಿಷಯವೇ, ಆದರೆ ಪವಿತ್ರಾಳನ್ನು ನೋಡಿ ನನಗೆ ನಗು ಬರಲಿಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ ಅವರ ಮನೆಗೆ ಹೋದೆ. ನಿವೃತ್ತಿಯಾದಾಗ ಎಸ್ಟೇಟಿನವರು ಕೊಟ್ಟ ಆ ಹಳೆಯ ಕಂಪ್ಯೂಟರನ್ನು ಅವರು ದೇವರಕೋಣೆಯ ಪಕ್ಕದಲ್ಲಿಟ್ಟು ತಿಂಗಳಿಗೊಮ್ಮೆ ಓಡಿಸುತ್ತಿದ್ದರು. ಮಾರಿ, ಪವಿತ್ರಾ ಆಗಲೇ ಜಗಲಿಯಲ್ಲಿದ್ದರು. ದೊಡ್ಡಪ್ಪ ಫ್ಲಾಪಿಯ ಕವಚವನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ಕಂದು ತಟ್ಟೆಯನ್ನು ಮಕ್ಕಳ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಇನ್ನೊಂದು ಫ್ಲಾಪಿಯ ಕವಚಕ್ಕೆ ತೂರಿಸಿದರು. ಒಂದು ಕಡೆ ಮಸಿಯ ಕಲೆ ಮಾತ್ರ ಹೋಗಲಿಲ್ಲ.

ಹಳೆಯದರ ಮೇಲೆ ಏನೂ ಬರೆಯಬಾರದು ಎಂದು ತೀರ್ಮಾನಿಸಿದರು. ಹಳೆಯ ಫ್ಲಾಪಿ ಹಾಕಿ ಹದಿನೆಂಟು ತುಂಡು ಓದಿಸುವುದು, ಅದನ್ನು ತೆಗೆದು ಹೊಸದು ಹಾಕಿ ಅದೇ ಜಾಗಕ್ಕೆ ಬರೆಸುವುದು. ನಲವತ್ತು ಸಲ. ನಾನು ಫ್ಲಾಪಿ ಬದಲಿಸುವವಳು, ಅವರು ಅಂಕಿ ಒತ್ತುವವರು. ಮಧ್ಯದಲ್ಲಿ ಎರಡು ಕಡೆ ಯಂತ್ರ ಕುಯ್ಯನೆ ಕಿರುಗುಟ್ಟಿ ಮತ್ತೆ ಓದಿತು. ಶುರುವಿನಲ್ಲೇ ಸೊನ್ನೆ, ಒಂದು, ಎರಡನೇ ತುಂಡುಗಳು ಮಾತ್ರ ಎಷ್ಟು ಸಲ ಕೇಳಿದರೂ ಬರಲಿಲ್ಲ.

‘ಗೇಟಿನ ಬೋರ್ಡು ಹೋಗುಟ್ಟು’ ಎಂದರು ದೊಡ್ಡಪ್ಪ. ‘ಅದು ಚಿಂತೆ ಇಲ್ಲೆ, ಬೇರೆ ಫ್ಲಾಪಿಂದ ಹಾಕಕ್ಕೆ ಆಗ್ತದೆ, ಎಲ್ಲದ್ರಲ್ಲೂ ಒಂದೇ. ಆದರೆ ದಾರಿಪಟ್ಟಿನೂ ಹೋಗುಟ್ಟು ಮಗಾ.’

ಪ್ರತಿ ತಿಂಗಳು ಹೊಸ ಮಕ್ಕಳ ಹೆಸರು ಸೇರಿಸುತ್ತ ಹೋದದ್ದರಿಂದ ಡಿಸ್ಪೆನ್ಸರಿಯ ಬರಹ ಫ್ಲಾಪಿಯ ತುಂಬ ಚೆಲ್ಲಾಪಿಲ್ಲಿಯಾಗಿತ್ತು. ದಾರಿಪಟ್ಟಿ ಇಲ್ಲದೆ ಯಾವ ತುಂಡು ಯಾವುದರ ಮುಂದಿನದು ಎಂದು ಹೇಳುವವರಿಲ್ಲ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ‘ನನ್ನ ಬಾಯಿಂದಲೇ ಸುಡಿ ಅಂದೆ’ ಎಂದು ಎರಡು ಸಲ ಹೇಳಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಆಯಿತು.

ಏನು ಮಾಡುವುದೆಂದು ತೋಚದೆ ಅವರು ಮನೆಗೆ ತಂದಿಟ್ಟುಕೊಂಡಿದ್ದ ಆ ಮಸ್ಟರಿನ ಕೊನೆಯ ಹಾಳೆ ತಿರುವಿ ಹಾಕಿದೆ. ಅವರದೇ ದುಂಡು ಅಕ್ಷರ. ಒಂದು, ಎರಡು: ದಾರಿಪಟ್ಟಿ. ಮೂರು, ನಾಲ್ಕು: ದಾರಿಪಟ್ಟಿ.

‘ದೊಡ್ಡಪ್ಪ, ಇಲ್ಲಿ ದಾರಿಪಟ್ಟಿ ಎರಡು ಸಲ ಯಾಕೆ ಬರೆದಿದ್ದೀರಿ?’

ಅವರು ಕಣ್ಣು ಬಿಟ್ಟರು. ನಿದ್ದೆಗಣ್ಣಲ್ಲೂ ಆ ಲೆಕ್ಕ ಒಪ್ಪಿಸುತ್ತಿದ್ದ ಮನುಷ್ಯ ಹೆದರಿಕೆಯಲ್ಲಿ ಮುಖ್ಯವಾದದ್ದನ್ನೇ ಮರೆತಿದ್ದರು. ಆ ಯಂತ್ರ ಮಾಡಿದವರೂ ಕಾರ್ಬನ್ ಇಟ್ಟು ಬರೆದವರೇ. ದಾರಿಪಟ್ಟಿಯನ್ನು ಅದು ತಾನಾಗಿ ಎರಡು ಪ್ರತಿ ಇಟ್ಟುಕೊಳ್ಳುತ್ತದೆ. ಮೂರು, ನಾಲ್ಕನೇ ತುಂಡುಗಳು ಕಲೆಯಿಂದಾಚೆ ಇದ್ದವು. ಅವನ್ನು ಓದಿಸಿ ಹೊಸ ಫ್ಲಾಪಿಯಲ್ಲಿ ಒಂದು, ಎರಡರ ಜಾಗಕ್ಕೂ ಬರೆಸಿದೆವು. ಬೋರ್ಡನ್ನು ಇನ್ನೊಂದು ಫ್ಲಾಪಿಯಿಂದ ತಂದು ನೆಟ್ಟೆವು. ಹೆಸರುಗಳ ಪಟ್ಟಿ ಪರದೆಯಲ್ಲಿ ಸಾಲಾಗಿ ಇಳಿಯಿತು.

‘ಉಟ್ಟು’ ಎಂದರು ದೊಡ್ಡಪ್ಪ, ಇದೆ ಎಂದು ನಮ್ಮ ಮನೆಮಾತಿನಲ್ಲಿ. ‘ಎಲ್ಲ ಉಟ್ಟು.’

ಮೂರನೇ ಲೈನಿನ ಬರಹ ತೆರೆದರು. ನಡುವೆ ಅಲ್ಲಲ್ಲಿ ಕಸದಂಥ ಚಿಹ್ನೆಗಳಿದ್ದವು, ಉಳಿದದ್ದೆಲ್ಲ ಸರಿಯಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಮಾರಿಯ ಹೆಸರು, ಹೆಣ್ಣು ಮಗು, 14-9-94, ಸಿಸ್ಟರ್ ರಿಜಿಸ್ಟರ್ ಪುಟ 41. ಮಗುವಿಗೆ ಆಗಿನ್ನೂ ಹೆಸರಿಟ್ಟಿರಲಿಲ್ಲ. ಪವಿತ್ರಾ ಎಂಬ ಹೆಸರು ಹಿಡಿದು ಯಾರು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಕೈಲ್ ಮುಹೂರ್ತ ಪ್ರತಿ ವರ್ಷ ಸೆಪ್ಟೆಂಬರ್ ಮೂರಕ್ಕೆ. ನಾನು ಬೆರಳು ಮಡಚಿ ಎಣಿಸಿದೆ. ಮಾರಿ ಹೇಳಿದ ಹನ್ನೊಂದನೇ ದಿನ ಎಂದರೆ ಹದಿನಾಲ್ಕು. ನಾಚಿಕೆಯಾಗಿ ಮಾರಿಯ ಮುಖ ನೋಡಲಾಗಲಿಲ್ಲ. ದೊಡ್ಡಪ್ಪ ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋಗಿ ಎಲ್ಲರಿಗೂ ಬೆಲ್ಲದ ಕಾಫಿ ಮಾಡಲು ದೊಡ್ಡಮ್ಮನಿಗೆ ಹೇಳಿದರು.

ಇಸವಿ, ಪುಟ ಗೊತ್ತಾದ ಮೇಲೆ ಆಸ್ಪತ್ರೆಯಲ್ಲಿ ಲಸಿಕೆಯ ರಿಜಿಸ್ಟರ್ ತೆಗೆಸುವುದು ಒಂದು ಬೆಳಗಿನ ಕೆಲಸ. ಶಾಯಿ ಮಾಸಿದ್ದರೂ ನಲವತ್ತೊಂದನೇ ಪುಟದಲ್ಲಿ ಮಾರಿಯ ಮಗು ಇತ್ತು. ಗಡುವಿಗೆ ಮೂರು ದಿನ ಇರುವಾಗ ದೃಢೀಕರಿಸಿದ ಪ್ರತಿ ಹೋಯಿತು. ಮಾರ್ಚಿನಲ್ಲಿ ಪವಿತ್ರಾಳಿಗೆ ಆದೇಶ ಬಂತು.

ಆದೇಶ ಹಿಡಿದು ಮೂವರೂ ಅಂಗಡಿಗೆ ಬಂದರು. ದೊಡ್ಡಪ್ಪ ನಲವತ್ತೊಂದನೇ ಪುಟದ ನಕಲನ್ನು ನನ್ನ ಮುಂದಿಟ್ಟು ಎರಡು ಬೆರಳು ತೋರಿಸಿದರು. ಒಂದು ಪ್ರತಿಯನ್ನು ಮಡಚಿ ತಮ್ಮ ಜೇಬಿಗಿಟ್ಟು, ಇನ್ನೊಂದನ್ನು ಮಾರಿಗೆ ಕೊಟ್ಟರು.

‘ಇದು ನಿನ್ನತ್ರ ಇರ್ಲಿ ಮಾರಿ. ಒಲೆ ಮೇಲೆ ಮಾತ್ರ ಇಡ್ಬೇಡ.’

ಮಾರಿ ಹಾಳೆಯನ್ನು ಒಮ್ಮೆ ತಿರುಗಿಸಿ ನೋಡಿ ಮಗಳ ಕೈಗೆ ದಾಟಿಸಿದಳು.

‘ನನ್ನತ್ರ ಒಂದು ಮೊದ್ಲಿಂದ್ಲೂ ಇತ್ತು ರೈಟ್ರೇ’ ಎಂದು ತನ್ನ ತಲೆ ಮುಟ್ಟಿ ತೋರಿಸಿದಳು. ‘ಯಾರೂ ಓದ್ಸಿ ನೋಡ್ಲಿಲ್ಲ.’