ಕತ್ತಿ ಆಡುವಾಗ ಕಥೆ ನಿಲ್ಲಬೇಕು

ಕ್ಷೌರದಂಗಡಿಯ ಮಾವ ಬಾಯಿ ಬಿಟ್ಟರೆ ಕಥೆ. ಅವನ ಕುರ್ಚಿಗೆ ಗಡ್ಡ ಬೆಳೆದು ಬಂದವರಿಗಿಂತ, ಹೋದ ವಾರದ ಕಥೆಯ ಬಾಲ ಹುಡುಕಿಕೊಂಡು ಬಂದವರೇ ಹೆಚ್ಚು.

ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಅಕ್ಕನ ಇಬ್ಬರು ಹೆಣ್ಣುಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ಕಟ್ಟುತ್ತಿದ್ದರು. ಅಜ್ಜಿಯೊಬ್ಬಳು ಕಾಣೆಯಾಗಿದ್ದಾಳೆ, ಆಡುವವರು ಅವಳ ಪೆಟ್ಟಿಗೆಗಳ ಬೀಗ ಬಿಡಿಸುತ್ತ ಅವಳನ್ನು ಹುಡುಕಬೇಕು. ಕಥೆ ದೊಡ್ಡವಳದು, ಬೀಗದ ಒಗಟು ಚಿಕ್ಕವಳದು. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ನಿನ್ನ ಕಥೆ ಓದೋಷ್ಟರಲ್ಲಿ ಆಡೋರು ಮುದುಕರಾಗ್ತಾರೆ" ಎಂದು ಚಿಕ್ಕವಳು.

"ನಿನ್ನ ಬೀಗ ತೆಗೆಯೋಷ್ಟರಲ್ಲಿ ಅಜ್ಜಿ ತಾನೇ ವಾಪಸ್ ಬಂದಿರ್ತಾಳೆ" ಎಂದು ದೊಡ್ಡವಳು.

ನ್ಯಾಯ ಹೇಳಲು ಮಾವನನ್ನು ಕೂರಿಸಿದರು. ಅವನು ನಾಲ್ಕು ಪುಟ ಓದಿ ಆಕಳಿಸಿದ. ಅರ್ಧ ಗಂಟೆ ಬೀಗದ ಚಕ್ರ ತಿರುಗಿಸಿ, "ಅಲ್ರೇ, ನಾನು ಹುಡುಕ್ತಿರೋದು ಯಾರನ್ನ?" ಎಂದ. ಇಬ್ಬರ ಮುಖವೂ ಹರಳೆಣ್ಣೆ ಕುಡಿದಂತಾಯಿತು.

ಮಾವ ಅವರನ್ನು ಕೆಳಗೆ ಕರೆದೊಯ್ದು, ಕಾಯುತ್ತಿದ್ದ ದರ್ಜಿಯ ಮುಖಕ್ಕೆ ನೊರೆ ಹಚ್ಚುತ್ತ ಕಥೆ ತೆಗೆದ. ಮದುಮಗನೊಬ್ಬ ತಪ್ಪು ಮನೆಯ ಬಾಗಿಲು ತಟ್ಟಿದ. ತೆಗೆದವರು ಯಾರು ಎನ್ನುವಷ್ಟರಲ್ಲಿ ಕತ್ತಿ ಗಂಟಲಿಗೆ ಬಂತು, ಮಾವನ ಬಾಯಿಗೆ ಬೀಗ ಬಿತ್ತು. ಕನ್ನಡಿಯಲ್ಲಿ ದರ್ಜಿಯ ಕಣ್ಣು ಅರಳಿಕೊಂಡು ಕಾಯುತ್ತಿತ್ತು.

"ನೋಡಿದ್ರಾ? ಕತ್ತಿ ಆಡುವಾಗ ನಗಿಸಿದ್ರೆ ಕುತ್ತಿಗೆ ಹೋಗುತ್ತೆ. ಬರೀ ಕೆರೀತಾ ಇದ್ರೆ ಗೊರಕೆ ಹೊಡೀತಾರೆ. ಕತ್ತಿ ಆಡುವಾಗ ಮುಂದೇನು ಅಂತ ಅವರ ತಲೆ ಓಡ್ತಿರಬೇಕು."

"ಬಾಗಿಲು ಯಾರು ತೆಗೆದ್ರು ಹೇಳಪ್ಪ ಮೊದಲು" ಎಂದ ದರ್ಜಿ, ತುಟಿ ಅಲುಗಿಸದೆ.

ಹುಡುಗಿಯರು ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೋಡಿದರು. ವಾರದೊಳಗೆ ಪುಟಗಳು ಕರಗಿ ಸಾಲುಗಳಾದವು. ಚಕ್ರದ ಮೇಲೆ ಅಂಕಿಗಳ ಬದಲು ಅಜ್ಜಿಯ ಕೈಬರಹ ಬಂತು. ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಅವಳದೊಂದು ಗುಟ್ಟು ಹೊರಬೀಳುತ್ತಿತ್ತು. ಮೂರು ಸಲ ತಪ್ಪಿದರೆ ಅಜ್ಜಿಯದೇ ಬೈಗುಳ.

ಮಾವ ಮತ್ತೆ ಕೂತ. ಮೊದಲ ಪೆಟ್ಟಿಗೆಯಲ್ಲಿ ಸರ್ಕಸ್ಸಿನವನೊಬ್ಬ ಅಜ್ಜಿಗೆ ಬರೆದ ಪತ್ರ. ಎರಡನೆಯದರಲ್ಲಿ ಒಂಟಿಚಕ್ರದ ಸೈಕಲ್ಲಿನ ಮೇಲೆ ಅಜ್ಜಿಯ ಫೋಟೊ. "ಎಲಾ ಮುದುಕಿ" ಎಂದು ಮಾವ ತೊಡೆ ತಟ್ಟಿಕೊಂಡು ನಕ್ಕ. ಕೆಳಗೆ ಆ ದಿನವೂ ಅರ್ಧ ಗಡ್ಡದಲ್ಲಿ ಕಾಯುತ್ತಿದ್ದ ದರ್ಜಿ ಜಗಳಕ್ಕೆಂದು ಮೇಲೆ ಬಂದವನು, ನೊರೆಯ ಕೆನ್ನೆಯಲ್ಲೇ ಪಕ್ಕದಲ್ಲಿ ಕುಕ್ಕರಿಸಿದ.

"ಎಡಕ್ಕೆ ತಿರುಗ್ಸು, ಎಡಕ್ಕೆ."

"ನೀನು ಸುಮ್ನಿರು, ಅವಳು ಬೈದ್ರೆ ನನಗೆ ತಾನೇ ಬೈಯೋದು?"

ಹಿಂದೆ ನಿಂತ ಅಕ್ಕತಂಗಿಯರು ಒಬ್ಬರ ಬಾಯನ್ನೊಬ್ಬರು ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದರು.

ಸಂಜೆ ಐದಕ್ಕೆ ಅಜ್ಜಿ ಸರ್ಕಸ್ ಡೇರೆಯಲ್ಲಿ ಸಿಕ್ಕಳು. ಅಷ್ಟರಲ್ಲಿ ದರ್ಜಿಯ ನೊರೆ ಒಣಗಿ ಉದುರಿತ್ತು.

"ಸರಿ, ಇವಳ ಗಂಡ ಎಲ್ಲಿ?" ಎಂದು ಅವನು ಕೇಳಿದ.

ದೊಡ್ಡವಳು ತಂಗಿಯ ಮುಖ ನೋಡಿದಳು. ಅದು ಇಬ್ಬರಿಗೂ ಹೊಳೆದಿರಲಿಲ್ಲ. ಚಿಕ್ಕವಳು ಆಗಲೇ ಪೆನ್ಸಿಲ್ ಹಿಡಿದು ಹೊಸ ಬೀಗವೊಂದನ್ನು ಗೀಚತೊಡಗಿದ್ದಳು.